ಎರಡು ಕರೆಂಟಿನ ಫ್ರಿಡ್ಜ್ ಡಬ್ಬಿ: ತಣ್ಣಗೆ ಮಾಡೋದು ಬೇರೆ, ತಣ್ಣಗೆ ಇಡೋದು ಬೇರೆ



ಮನೆ ಕರೆಂಟಿಗೂ ನಡೆಯುವ, 12 ವೋಲ್ಟ್ ಬ್ಯಾಟರಿಗೂ ನಡೆಯುವ ಸಣ್ಣ ಫ್ರಿಡ್ಜ್ ಡಬ್ಬಿ ತಗೊಳ್ಳಬಹುದೇನು ಅಂತ ಈ ತಿಂಗಳು ನಾಕೈದು ಮಂದಿ ಕೇಳಿದ್ರು. ಒಬ್ಬರಿಗೆ ಹಾಲು ಇಡಬೇಕು, ಒಬ್ಬರಿಗೆ ಅಣಬೆ. ನಮ್ಮ ಓಣಿಯ ಹೆಣ್ಮಕ್ಕಳಿಗೆ ಕೋಳಿ ಲಸಿಕೆ ಇಡಬೇಕು. ಎಲ್ಲರಿಗೂ ಬೇರೆ ಬೇರೆ ಹೇಳೋ ಬದಲು ಇಲ್ಲೇ ಬರೀತೀನಿ. ಸ್ವಲ್ಪ ಉದ್ದ ಆಗ್ತದೆ, ಪುರಸೊತ್ತಾದಾಗ ಓದ್ರಿ.

ನನ್ನ ಹತ್ತಿರ ಎರಡು ಡಬ್ಬಿ ನೋಡೋ ಅವಕಾಶ ಸಿಕ್ಕಿತು. ಒಂದು, ಮಗ ಗೂಡ್ಸ್ ಗಾಡಿಯಲ್ಲಿ ಇಟ್ಟುಕೊಂಡದ್ದು. ಸುಮಾರು 40 ಲೀಟರಿನದು, ಒಳಗೆ ದೊಡ್ಡ ಫ್ರಿಡ್ಜಿನಂತೆ ಕಂಪ್ರೆಸರ್ ಇದೆ. ಇನ್ನೊಂದು ನಮ್ಮ ಬೀಗರದು. ಕಂಪ್ರೆಸರ್ ಇಲ್ಲ, ಬರೀ ಒಂದು ಬಿಲ್ಲೆ ಮತ್ತು ಫ್ಯಾನ್. ಆ ಬಿಲ್ಲೆಗೆ ಕರೆಂಟ್ ಕೊಟ್ಟರೆ ಒಂದು ಮೈ ತಣ್ಣಗಾಗಿ ಇನ್ನೊಂದು ಮೈ ಬಿಸಿಯಾಗ್ತದೆ. ಇದನ್ನು 1834ರಲ್ಲಿ ಪೆಲ್ಟಿಯರ್ ಅನ್ನೋ ಫ್ರಾನ್ಸ್ ದೇಶದವರು ಕಂಡುಹಿಡಿದರು, ಅದಕ್ಕೇ ಪೆಲ್ಟಿಯರ್ ಡಬ್ಬಿ ಅಂತಾರೆ. ಅಂಗಡಿಯಲ್ಲಿ ಎರಡನ್ನೂ "ಮಿನಿ ಫ್ರಿಡ್ಜ್" ಅಂತಲೇ ಮಾರ್ತಾರೆ. ಹೊರಗಿಂದ ನೋಡಿದರೆ ಫರಕು ಗೊತ್ತಾಗಲ್ಲ. ಬೆಲೆ ಮಾತ್ರ ಕಂಪ್ರೆಸರಿನದು ಹಲವು ಪಟ್ಟು ಹೆಚ್ಚು.

ಏಪ್ರಿಲ್‌ನಲ್ಲಿ ಎರಡನ್ನೂ ಪಡಸಾಲೆಯಲ್ಲಿ ಅಕ್ಕಪಕ್ಕ ಇಟ್ಟು ಮೂರು ದಿನ ನೋಡಿದೆ. ಡಬ್ಬಿಯ ಮೇಲಿನ ನಂಬರ್ ನಂಬಲಿಲ್ಲ, ಅದು ಒಳಗಿನ ಒಂದು ಮೂಲೆಯ ಲೆಕ್ಕ ಅಷ್ಟೇ. ನೀರು ತುಂಬಿದ ಸಣ್ಣ ಬಾಟಲಿಯೊಳಗೆ ಥರ್ಮಾಮೀಟರ್ ಇಳಿಬಿಟ್ಟು ಅಳೆದೆ. ಮಧ್ಯಾಹ್ನ ಪಡಸಾಲೆಯಲ್ಲಿ 37 ಡಿಗ್ರಿ. ಕಂಪ್ರೆಸರ್ ಡಬ್ಬಿಯೊಳಗೆ 5, ಪೆಲ್ಟಿಯರ್ ಡಬ್ಬಿಯೊಳಗೆ 19. ರಾತ್ರಿ ಹೊರಗೆ 25ಕ್ಕೆ ಇಳಿದಾಗ ಪೆಲ್ಟಿಯರ್ 8ಕ್ಕೆ ಬಂತು.

ಇದು ಆ ಡಬ್ಬಿಯ ದೋಷ ಅಲ್ಲ, ಆ ಜಾತಿಯ ಗುಣ. ಪೆಲ್ಟಿಯರ್ ಡಬ್ಬಿ ಹೊರಗಿನ ಬಿಸಿಗಿಂತ 15ರಿಂದ 20 ಡಿಗ್ರಿ ಕೆಳಗೆ ಹೋಗ್ತದೆ, ಅಷ್ಟೇ. ಹುಬ್ಬಳ್ಳಿಯ ಎಸಿ ಅಂಗಡಿಯಲ್ಲಿ 24 ಡಿಗ್ರಿ ಇದ್ದಾಗ ಒಳಗೆ 6 ತೋರಿಸಿದ್ರೆ ಅದು ಸುಳ್ಳಲ್ಲ. ಅದೇ ಡಬ್ಬಿ ನಮ್ಮ ಹಂಚಿನ ಮನೆಯಲ್ಲಿ, ಬ್ಯಾಸಿಗಿಯಲ್ಲಿ 19 ತೋರಿಸ್ತದೆ. ಮಳೆಗಾಲದಲ್ಲಿ ತಗೊಂಡವರು "ಚೊಲೋ ಐತ್ರಿ" ಅಂತಾರೆ, ಬ್ಯಾಸಿಗಿಯಲ್ಲಿ ತಗೊಂಡವರು ಬೈತಾರೆ. ಇಬ್ಬರೂ ಹೇಳೋದು ಖರೇನೇ. ಅದಕ್ಕೇ ಕೊಳ್ಳುವಾಗ "ಎಷ್ಟು ಡಿಗ್ರಿಗೆ ಹೋಗ್ತದೆ" ಅಂತ ಕೇಳಬೇಡ್ರಿ. "ಕಂಪ್ರೆಸರ್ ಐತೇನು, ಹೊರಗೆ 40 ಇದ್ದಾಗ ಒಳಗೆ ಎಷ್ಟು" ಅಂತ ಕೇಳ್ರಿ.

ಇನ್ನು ಹಾಲಿನ ಮಾತು. ಕಂಪ್ರೆಸರ್ ಡಬ್ಬಿಯಲ್ಲೇ 10 ಲೀಟರ್ ನೀರು, 30 ಡಿಗ್ರಿಯದು, ಬಾಟಲಿಗಳಲ್ಲಿ ತುಂಬಿ ಬೆಳಿಗ್ಗೆ 8ಕ್ಕೆ ಇಟ್ಟೆ. ಮಧ್ಯಾಹ್ನ 3 ಆದರೂ 9 ಡಿಗ್ರಿಗೆ ಬಂದಿತ್ತು ಅಷ್ಟೇ. ಅದರ ಕಂಪ್ರೆಸರ್ ಬರೀ 45 ವ್ಯಾಟಿನದು, ಒಂದು ಹಳೇ ಬಲ್ಬಿನಷ್ಟೂ ಇಲ್ಲ. ಅದು ಎಷ್ಟಂತ ಎಳೆದೀತು? ಹಾಲು ಹಿಂಡಿದ ಮೇಲೆ ಎರಡು-ಮೂರು ತಾಸಿನೊಳಗೆ 4 ಡಿಗ್ರಿಗೆ ಇಳಿಯಬೇಕು. ಈ ಡಬ್ಬಿಯಲ್ಲಿ ಇಳಿಯೋ ಹೊತ್ತಿಗೆ ಹಾಲು ಕೆಟ್ಟಿರ್ತದೆ. ಸೊಸೈಟಿಗೆ ಎರಡು ಹೊತ್ತು ಹಾಲು ಹಾಕೋರು ಇದಕ್ಕೆ ದುಡ್ಡು ಸುರಿಯೋದು ಬೇಡ. ಅಲ್ಲಿಯ ದೊಡ್ಡ ಕೂಲರ್ ಮಾಡೋ ಕೆಲಸ ಇದು ಮಾಡಲ್ಲ. ಕೆರೆ ಮೀನು ಹುಬ್ಬಳ್ಳಿಗೆ ಕಳಿಸೋರಿಗೂ ಇದೇ ಮಾತು, ಐಸ್ ತುಂಬಿದ ಪೆಟ್ಟಿಗೆಯೇ ವಾಸಿ.

ಈ ಡಬ್ಬಿಗಳು ತಣ್ಣಗೆ ಇದ್ದದ್ದನ್ನು ತಣ್ಣಗೆ ಇಡೋಕೆ ಮಾಡಿದವು. ಬಿಸಿ ಇದ್ದದ್ದನ್ನು ತಣ್ಣಗೆ ಮಾಡೋಕೆ ಅಲ್ಲ. ಇದೊಂದು ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ತಪ್ಪು ಖರೀದಿ ನಿಲ್ತದೆ.

ಈಗ ಕರೆಂಟ್ ಹೋದಾಗಿನ ಲೆಕ್ಕ. ಅತ್ತಿವೇರಿ ಕಡೆ ಮಳೆಗಾಲದಲ್ಲಿ ಕಾಡಿನ ಮರ ಲೈನ್ ಮೇಲೆ ಬಿದ್ದರೆ ರಾತ್ರಿಯಿಡೀ, ಒಮ್ಮೊಮ್ಮೆ ಮರುದಿನವೂ ಕತ್ತಲೆ. ಮನೆಯ ಇನ್ವರ್ಟರ್ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್ ಅಂದ್ರೆ 1800 ವ್ಯಾಟ್-ಅವರ್. ಬ್ಯಾಟರಿ ಬಾಳಬೇಕಂದ್ರೆ ಅರ್ಧ ಮಾತ್ರ ತೆಗೀಬೇಕು, 900. ಕಂಪ್ರೆಸರ್ ಸತತ ಓಡಲ್ಲ, ತಣ್ಣಗಾದ ಮೇಲೆ ನಿಲ್ತದೆ. ತಾಸಿನಲ್ಲಿ ಅರ್ಧ ಹೊತ್ತು ಓಡಿತು ಅಂತ ಹಿಡಿದರೆ 900ಕ್ಕೆ ಸುಮಾರು 40 ತಾಸು ಬರ್ತದೆ. ಪೆಲ್ಟಿಯರ್ 50-60 ವ್ಯಾಟ್ ತಗೊಂಡು ನಿಲ್ಲದೇ ಓಡ್ತದೆ, 16 ತಾಸಿಗೆ ಮುಗೀತು. ಅಗ್ಗದ ಡಬ್ಬಿಗೇ ಬ್ಯಾಟರಿ ಹೆಚ್ಚು ಬೇಕು ನೋಡ್ರಿ.

ಈ 40 ತಾಸು ಸಿಗಬೇಕಂದ್ರೆ ಡಬ್ಬಿಯನ್ನು ಇನ್ವರ್ಟರಿನ 230 ವೋಲ್ಟ್ ಪ್ಲಗ್ಗಿಗೆ ಹಾಕಬಾರದು. 12ರಿಂದ 230, ಮತ್ತೆ ಅಡಾಪ್ಟರಿನಲ್ಲಿ 12, ಹೀಗೆ ಏರಿಸಿ ಇಳಿಸೋದರಲ್ಲೇ ಐದರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೋಗ್ತದೆ. ಬ್ಯಾಟರಿಯಿಂದ ನೇರ, ನಡುವೆ ಫ್ಯೂಸ್ ಹಾಕಿ, 12 ವೋಲ್ಟಿನ ವೈರೇ ಕೊಡ್ರಿ. ಆ ವೈರ್ ದಪ್ಪ ಇರಲಿ. ಮನೆ ಲೈಟಿನ 1.5 ಎಂಎಂ ವೈರನ್ನು 10 ಮೀಟರ್ ಎಳೆದರೆ 4 ಆಂಪಿಯರಿಗೇ ಸುಮಾರು 1 ವೋಲ್ಟ್ ದಾರಿಯಲ್ಲೇ ಹೋಗ್ತದೆ. ಬ್ಯಾಟರಿ ತುಂಬಿದ್ದರೂ ಡಬ್ಬಿ "ವೋಲ್ಟೇಜ್ ಕಡಿಮೆ" ಅಂತ ಬಂದ್ ಆಗ್ತದೆ. 4 ಎಂಎಂ ಹಾಕಿದರೆ ನಷ್ಟ ಅರ್ಧಕ್ಕಿಂತ ಕೆಳಗೆ ಬರ್ತದೆ.

ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚೋರು ಒಂದು ನೋಡಿಕೊಳ್ರಿ. ಒಳ್ಳೇ ಡಬ್ಬಿಗಳಲ್ಲಿ ಬ್ಯಾಟರಿ ಕಾಯೋ ಗುಂಡಿ ಇರ್ತದೆ, ಮೂರು ಹಂತದ್ದು. ಅದನ್ನು "ಹೈ"ನಲ್ಲಿ ಇಡ್ರಿ. ಇಲ್ಲಾಂದ್ರೆ ಬೆಳಿಗ್ಗೆ ಡಬ್ಬಿ ತಣ್ಣಗೆ ಇರ್ತದೆ, ಟ್ರ್ಯಾಕ್ಟರ್ ಸ್ಟಾರ್ಟ್ ಆಗಲ್ಲ.

ಸೋಲಾರ್ ಹಾಕ್ತೀನಿ ಅನ್ನೋರಿಗೆ: 100 ವ್ಯಾಟಿನ ಒಂದು ಪ್ಯಾನೆಲ್ ಬ್ಯಾಸಿಗಿಯಲ್ಲಿ ದಿನಕ್ಕೆ 400 ವ್ಯಾಟ್-ಅವರ್ ಆಸುಪಾಸು ಕೊಡ್ತದೆ. ಜುಲೈ ಮೋಡದಲ್ಲಿ ಅದನ್ನೇ ನೆಚ್ಚಿ ಕೂಡಬೇಡ್ರಿ. ನಮಗೆ ಕರೆಂಟ್ ಹೋಗೋದು ಅದೇ ಜುಲೈಯಲ್ಲಿ.

ಆಗ ಕೈ ಹಿಡಿಯೋದು ಐಸ್. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಓದಿದ್ದೇವಲ್ಲ, ಒಂದು ಗ್ರಾಂ ಐಸ್ ಕರಗೋಕೆ 80 ಕ್ಯಾಲರಿ ಅಂತ? ಅಂದ್ರೆ 1 ಕೆಜಿ ಐಸ್ ಕರಗೋ ಹೊತ್ತಿಗೆ ಹೀರಿಕೊಳ್ಳೋ ಬಿಸಿ, ಅಷ್ಟೇ ನೀರನ್ನು 0ಯಿಂದ 80 ಡಿಗ್ರಿಗೆ ಕಾಯಿಸೋವಷ್ಟು. ಕರೆಂಟ್ ಇದ್ದಾಗ ಮನೆಯ ದೊಡ್ಡ ಫ್ರಿಡ್ಜಿನಲ್ಲಿ ಬಾಟಲಿ ನೀರು ಗಟ್ಟಿ ಮಾಡಿಟ್ಟುಕೊಳ್ರಿ. ಡಬ್ಬಿ ಬಂದ್ ಆದರೂ ಎರಡು ಬಾಟಲಿ ಹಲವು ತಾಸು ಕಾಯ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಲಸಿಕೆ ಇಡೋ ಐಸ್ ಗೋಡೆಯ ಫ್ರಿಡ್ಜ್ ಇರ್ತದಲ್ಲ, ದಿನಕ್ಕೆ 8 ತಾಸು ಕರೆಂಟ್ ಇದ್ದರೂ ಅದು ನಡೆಯೋದು ಇದೇ ಉಪಾಯದಿಂದ.

ಇನ್ನು ನಮ್ಮ ಓಣಿಯ ಕೋಳಿ ವಿಷಯ. ಐದು ಮನೆ ಕೂಡಿದರೆ ಇನ್ನೂರರ ಮೇಲೆ ಕೋಳಿ, ಜವಾರಿ, ಗಿರಿರಾಜ ಎರಡೂ. ಕೊಕ್ಕರೆ ರೋಗ ಹೊಕ್ಕರೆ ವಾರದಲ್ಲಿ ಗೂಡು ಖಾಲಿ. ಒಬ್ಬ ಅಕ್ಕನ ಮಗಳ ಕಾಲೇಜು ಫೀ ಮೊಟ್ಟೆ ದುಡ್ಡಿನಲ್ಲೇ ನಡೀತದೆ, ಅವರಿಗೆ ಇದು ಆಟದ ಮಾತಲ್ಲ. ಮರಿಗೆ 5ರಿಂದ 7ನೇ ದಿನ ಕಣ್ಣಿಗೆ ಲಸೋಟಾ ಹನಿ, ಎಂಟು ವಾರಕ್ಕೆ ಆರ್2ಬಿ ಚುಚ್ಚುಮದ್ದು. ಈ ಔಷಧ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಅಂದ್ರೆ 19 ಡಿಗ್ರಿಯ ಪೆಲ್ಟಿಯರ್ ಡಬ್ಬಿಯಲ್ಲಿ ಇಟ್ಟ ಲಸಿಕೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಕೋಳಿಗೆ ರಕ್ಷಣೆ ಇಲ್ಲ, ನಮಗೆ ಮಾತ್ರ ಹಾಕಿದ್ದೇವೆ ಅನ್ನೋ ಧೈರ್ಯ. ಆ ಧೈರ್ಯವೇ ಅಪಾಯ.

ಐದು ಮನೆಯವರೂ ದುಡ್ಡು ಕೂಡಿಸಿ ಕಂಪ್ರೆಸರ್ ಡಬ್ಬಿ ತರೋಣ ಅಂತ ಮಾತು ನಡೆದಿತ್ತು. ನಮ್ಮ ಮನೆಯವಳು ಎಲ್ಲ ಕೇಳಿ, "ದುಡ್ಡು ಕೂಡಸೂದು ಆಮ್ಯಾಲ, ಮೊದಲ ದಿನಾ ಕೂಡಸ್ರಿ" ಅಂದಳು. ಅವಳ ಲೆಕ್ಕ ಸರಿ ಇತ್ತು. ಒಂದು ಸೀಸೆ ಅಂದ್ರೆ 100 ಕೋಳಿಗೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಉಳಿದದ್ದು ಯಾವ ಫ್ರಿಡ್ಜಿನಲ್ಲಿ ಇಟ್ಟರೂ ನಾಳೆಗೆ ಬರಲ್ಲ. ಇಪ್ಪತ್ತು ಮರಿಯವರು ಒಬ್ಬರೇ ತಂದರೆ ಎಂಬತ್ತು ಹನಿ ಮಣ್ಣಿಗೆ. ಐದೂ ಮನೆಯಲ್ಲಿ ಒಂದೇ ವಾರ ಕಾವು ಕೂಡಿಸಿದರೆ ಮರಿಗಳೂ ಒಂದೇ ವಾರ ಹೊರಬೀಳ್ತವೆ. ಒಂದೇ ದಿನ ಲಸಿಕೆ ತಂದು, ಒಂದೇ ಸಂಜೆ ತಂಪು ಹೊತ್ತಿನಲ್ಲಿ ಹಾಕಿ ಮುಗಿಸಬಹುದು. ಹಾಗಾದರೆ ನಮಗೆ ತಿಂಗಳುಗಟ್ಟಲೆ ಇಡೋ ಫ್ರಿಡ್ಜ್ ಬೇಡ. ಮುಂಡಗೋಡದಿಂದ 15 ಕಿಲೋಮೀಟರ್ ಬಿಸಿಲಲ್ಲಿ ತರೋದು ಮತ್ತು ಕೋಳಿ ಹಿಡಿದು ಕೂಡಿಸೋದು, ಆ ನಾಕು ತಾಸು ಕಾಯ್ದರೆ ಸಾಕು. ಅದಕ್ಕೆ ಐಸ್ ಹಾಕಿದ ಥರ್ಮಕೋಲ್ ಡಬ್ಬಿ ನಡೀತದೆ. ಈ ಸಲ ಹಂಗೇ ಮಾಡಿದ್ದೇವೆ.

ಒಂದು ಎಚ್ಚರಿಕೆ. ದನದ ಕಾಲುಬಾಯಿ ಬೇನೆ ಲಸಿಕೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರಲ್ಲ, ಬಿಸಿಯಾದಷ್ಟೇ ನಷ್ಟ. ಕಂಪ್ರೆಸರ್ ಡಬ್ಬಿಯ ತಳ, ಗೋಡೆ ಸೊನ್ನೆಗಿಂತ ಕೆಳಗೆ ಹೋಗಿರಬಹುದು. ಐಸ್ ಬಾಟಲಿಯೂ ಹಾಗೇ. ಲಸಿಕೆ ಯಾವುದಕ್ಕೂ ತಾಗದಂತೆ ನಡುವೆ ರಟ್ಟು ಇಡ್ರಿ. ದನದ ದವಾಖಾನೆಯವರೇ ಬಂದು ಹಾಕೋ ಲಸಿಕೆಯನ್ನು ಮನೆಯಲ್ಲಿ ಇಡೋ ಉಸಾಬರಿಗೆ ಹೋಗಬೇಡ್ರಿ.

ಹಾಗಾದರೆ ಕಂಪ್ರೆಸರ್ ಡಬ್ಬಿ ಯಾರಿಗೆ? ಅಣಬೆ ಕೊಯ್ದು ಎರಡು ದಿನ ಹಿಡಿದಿಟ್ಟು ಸಂತೆಗೆ ಒಯ್ಯೋರಿಗೆ, ಗಾಡಿ ಮೇಲೆ ಇರೋರಿಗೆ, ಮನೆಯಲ್ಲಿ ಇನ್ಸುಲಿನ್ ತಗೊಳ್ಳೋ ಹಿರಿಯರು ಇದ್ದೋರಿಗೆ. ಅವರಿಗೆ ದುಡ್ಡು ವಸೂಲು. ಪೆಲ್ಟಿಯರ್ ಡಬ್ಬಿ ಹೊಲಕ್ಕೆ ತಣ್ಣನೆ ನೀರು, ಮಜ್ಜಿಗೆ ಒಯ್ಯೋಕೆ ಚೊಲೋ, ಔಷಧಕ್ಕೆ ಬೇಡ.

ಮಗ ಊರಿಗೆ ಬಂದಾಗ ಡಬ್ಬಿ ಮನೆಯಲ್ಲೇ ಇರ್ತದೆ. ಕೊಳ್ಳೋ ವಿಚಾರ ಇದ್ದವರು ಮೊದಲು ಬಂದು ನೋಡ್ರಿ. ನೀವು ಏನು ಇಡಬೇಕು ಅಂತೀರೋ ಅದನ್ನೇ ತನ್ರಿ, ಥರ್ಮಾಮೀಟರ್ ನನ್ನ ಹತ್ತಿರ ಇದೆ. ಒಂದು ಹಗಲು ಒಂದು ರಾತ್ರಿ ಇಟ್ಟು ಅಳೆಯೋಣ, ಆಮೇಲೆ ದುಡ್ಡಿನ ಮಾತು.