ಗೋದಲಿಯ ಕುರಿಗೆ ನಮ್ಮೂರ ತುಪ್ಪಟ

ಡಿಸೆಂಬರ್ ಹೊತ್ತಿಗೆ ತರೀಕೆರೆ ಸುತ್ತಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿಯುತ್ತಾ ಬರುತ್ತದೆ. ಕೂಳೆ ಉಳಿದ ಗದ್ದೆಗಳಿಗೆ ಬಯಲುಸೀಮೆಯ ಕುರಿ ಹಿಂಡುಗಳು ಬಂದು ಇಳಿಯುತ್ತವೆ. ಹಗಲು ಮೇವು, ರಾತ್ರಿ ಮಂದೆ. ಕುರಿ ಮಲಗಿದ ನೆಲಕ್ಕೆ ಹಿಕ್ಕೆ, ಗಂಜಲ ಸೇರುತ್ತದೆ. ಗದ್ದೆಯವರು ಅದಕ್ಕೆ ದುಡ್ಡನ್ನೋ ದವಸವನ್ನೋ ಕೊಡುತ್ತಾರೆ. ಸುತ್ತ ಬಲೆ ಕಟ್ಟಿ, ನಾಯಿಯನ್ನು ಪಕ್ಕಕ್ಕಿಟ್ಟುಕೊಂಡು, ಕಂಬಳಿ ಹೊದ್ದ ಕುರಿಗಾಹಿ ಚಳಿಯಲ್ಲಿ ಎಚ್ಚರವಾಗಿರುತ್ತಾನೆ.

ಅದೇ ತಿಂಗಳು ಕಡೂರು, ಬೀರೂರು, ತರೀಕೆರೆಯ ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟುವ ಸಡಗರ. ಹುಲ್ಲು ಹೊದಿಸಿದ ಕೊಟ್ಟಿಗೆ, ಮಗು, ಮೇರಿ, ಜೋಸೆಫ್, ನಾಲ್ಕಾರು ಕುರಿ. ಲೂಕನ ಸುವಾರ್ತೆ ಹೇಳುವಂತೆ ಕ್ರಿಸ್ತ ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದು ರಾತ್ರಿ ಹೊಲದಲ್ಲಿ ಹಿಂಡು ಕಾಯುತ್ತಿದ್ದವರಿಗೆ. ಹಾಗೆ ನೋಡಿದರೆ ಆ ಕಥೆಯ ಮೊದಲ ಸಾಕ್ಷಿಗಳ ಕಸುಬಿನವರು ಇವತ್ತಿಗೂ ಊರಾಚೆಯ ಗದ್ದೆಯಲ್ಲೇ ಇದ್ದಾರೆ. ಗೋದಲಿಯ ಕುರಿ ಮಾತ್ರ ಫ್ಯಾನ್ಸಿ ಸ್ಟೋರಿನ ಪ್ಲಾಸ್ಟಿಕ್ಕಿನದು.

ಈಗೀಗ ಕ್ರಿಸ್‌ಮಸ್ ಮರಕ್ಕೆ ಫೆಲ್ಟ್ ಎಂಬ ಬಟ್ಟೆಯಂಥ ಹಾಳೆಯಿಂದ ಅಲಂಕಾರ ಮಾಡಿ ತೂಗುಹಾಕುವ ಹವ್ಯಾಸ ಬೆಳೆಯುತ್ತಿದೆ. ನಕ್ಷತ್ರ, ಗಂಟೆ, ಪಾರಿವಾಳ, ಕುರಿಮರಿ. ಬಣ್ಣದ ಹಾಳೆ ಕತ್ತರಿಸಿ, ಎರಡು ಪದರ ಜೋಡಿಸಿ, ಅಂಚಿಗೆ ಬ್ಲ್ಯಾಂಕೆಟ್ ಸ್ಟಿಚ್ ಹಾಕಿ, ಒಳಗೆ ಹತ್ತಿ ತುಂಬಿದರೆ ಮುಗಿಯಿತು. ಫೆಲ್ಟನ್ನು ಎಲ್ಲಿ ಕತ್ತರಿಸಿದರೂ ನೂಲು ಬಿಡುವುದಿಲ್ಲ, ಅಂಚು ಮಡಚಬೇಕಿಲ್ಲ. ಹೊಸದಾಗಿ ಸೂಜಿ ಹಿಡಿದ ಮಗುವೂ ಒಂದೇ ಮಧ್ಯಾಹ್ನದಲ್ಲಿ ಒಂದು ನಕ್ಷತ್ರ ಮುಗಿಸಿ ಮನೆಗೆ ಒಯ್ಯಬಹುದು. ಕಲಿಸುವುದಕ್ಕೆ ಇದಕ್ಕಿಂತ ಸುಲಭದ ಹೊಲಿಗೆ ಕೆಲಸ ಸಿಗುವುದು ಕಷ್ಟ.

ಆದರೆ ಅಂಗಡಿಯಲ್ಲಿ ಸಿಗುವ ಅಗ್ಗದ ಹಾಳೆ ಬಹುಮಟ್ಟಿಗೆ ಪಾಲಿಯೆಸ್ಟರ್ ಇಲ್ಲವೇ ಅಕ್ರಿಲಿಕ್. ನಿಜವಾದ ಫೆಲ್ಟ್ ಅಂದರೆ ಉಣ್ಣೆ. ಅದನ್ನು ನೇಯುವುದೂ ಇಲ್ಲ, ಹೆಣೆಯುವುದೂ ಇಲ್ಲ. ಬರೀ ನೀರು, ಶಾಖ, ಸೋಪು, ಅಂಗೈ. ಉಣ್ಣೆಯ ಒಂದೊಂದು ಎಳೆಯ ಮೇಲೂ ಸೂರಿಗೆ ಹೆಂಚು ಹೊದಿಸಿದಂತೆ ಸಣ್ಣ ಸಿಪ್ಪೆಗಳ ಸಾಲಿರುತ್ತದೆ. ಬಿಸಿ ಸೋಪಿನ ನೀರು ಬಿದ್ದಾಗ ಆ ಸಿಪ್ಪೆಗಳು ಏಳುತ್ತವೆ. ಮೇಲಿಂದ ಉಜ್ಜುತ್ತಾ ಹೋದರೆ ಎಳೆಗಳು ಒಂದಕ್ಕೊಂದು ನುಗ್ಗಿ ಸಿಕ್ಕಿಕೊಳ್ಳುತ್ತವೆ, ಮತ್ತೆ ಹಿಂದೆ ಸರಿಯಲಾರವು. ಉಣ್ಣೆಯ ಸ್ವೆಟರನ್ನು ಬಿಸಿನೀರಲ್ಲಿ ತಿಕ್ಕಿದಾಗ ಅದು ಕುಗ್ಗಿ ಗಟ್ಟಿಯಾಗುವುದಕ್ಕೂ ಇದೇ ಕಾರಣ. ಇನ್ನೊಂದು ದಾರಿ ಸೂಜಿಯದು: ಮೈಮೇಲೆ ಸಣ್ಣ ಕಚ್ಚುಗಳಿರುವ ಸೂಜಿಯಿಂದ ಒಣ ಉಣ್ಣೆಯನ್ನು ಮತ್ತೆ ಮತ್ತೆ ಚುಚ್ಚಿದರೆ ಎಳೆಗಳು ಒಳಗೊಳಗೇ ಬಿಗಿದು, ಬೇಕಾದ ಆಕಾರಕ್ಕೆ ಬರುತ್ತವೆ.

ಈ ಕಲೆ ಬಹಳ ಹಳೆಯದು. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಾಜಿರಿಕ್ ಗೋರಿಗಳಲ್ಲಿ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಿಂದಿನ ಫೆಲ್ಟಿನ ಹಂಸಗಳೂ ಗೋಡೆ ಹೊದಿಕೆಗಳೂ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿವೆ. ಭಾರತದಲ್ಲಿ ಕಾಶ್ಮೀರದವರೂ ರಾಜಸ್ಥಾನದ ಟೋಂಕಿನವರೂ ನಮ್ದಾ ಎಂಬ ಫೆಲ್ಟಿನ ಹಾಸು ಮಾಡುತ್ತಾರೆ. ಫೆಲ್ಟನ್ನು ಹಬ್ಬದ ಅಲಂಕಾರವಾಗಿಸಿ ದೇಶ ದಾಟಿಸಿದವರಲ್ಲಿ ಕಠ್ಮಂಡು ಕಡೆಯ ಹೆಂಗಸರು ಮುಂದೆ. ಅವರ ಕೈಯಲ್ಲಿ ಉರುಳಿದ ಉಣ್ಣೆಯ ಉಂಡೆಗಳು ಸರವಾಗಿ, ನಕ್ಷತ್ರವಾಗಿ ಯುರೋಪು, ಅಮೆರಿಕಾದ ಕ್ರಿಸ್‌ಮಸ್ ಮರಗಳಿಗೆ ಏರುತ್ತವೆ. ಆ ಉಣ್ಣೆಯ ಬಹುಪಾಲು ಬರುವುದು ನ್ಯೂಜಿಲೆಂಡಿನಿಂದ.

ಕಡೂರಿನ ಕಡೆ ಉಣ್ಣೆಗಾಗಿ ಅಷ್ಟು ದೂರ ಹೋಗಬೇಕಿಲ್ಲ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ಈ ಬಯಲು ಹಿಂದಿನಿಂದಲೂ ಮೇವಿನ ಸೀಮೆ. ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ತಳಿ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಹುಲ್ಲುಗಾವಲಲ್ಲಿ ಇಂದಿಗೂ ಕೃಷ್ಣಮೃಗಗಳು ಮೇಯುತ್ತವೆ. ಹಾಲುಮತದವರ, ಅಂದರೆ ಕುರುಬರ, ಬದುಕು ಕುರಿಯೊಂದಿಗೆ ಹೆಣೆದುಕೊಂಡದ್ದು. ತುಪ್ಪಟ ಕತ್ತರಿಸುವುದು, ಹಿಂಜುವುದು, ಹೆಂಗಸರು ನೂಲುವುದು, ಗುಂಡಿ ಮಗ್ಗದಲ್ಲಿ ನೇಯುವುದು, ಹುಣಸೆಬೀಜದ ಗಂಜಿ ಕುಡಿಸಿ ಬಿಗಿ ಮಾಡುವುದು: ಕರಿ ಕಂಬಳಿಗೆ ಇಷ್ಟು ಹಂತ. ಹಾಗೆ ಬಿಗಿದ ಕಂಬಳಿಯಲ್ಲಿ ಮಳೆನೀರು ಸುಲಭವಾಗಿ ಇಳಿಯುವುದಿಲ್ಲ. ಅದು ಕೊಪ್ಪೆಯಾಗುತ್ತದೆ, ಹಾಸಿಗೆಯಾಗುತ್ತದೆ, ಪೂಜೆಯ ಹೊತ್ತಿಗೆ ಗದ್ದುಗೆಯಾಗುತ್ತದೆ.

ಅಂಥ ಉಣ್ಣೆಗೆ ಇವತ್ತು ಬೆಲೆಯಿಲ್ಲ. ಪಾಣಿಪತ್ತಿನ ಯಂತ್ರಗಳಿಂದ ಬರುವ ಅಗ್ಗದ ಹೊದಿಕೆ, ಹಗುರ ಸಿಂಥೆಟಿಕ್ ರಗ್ಗು ಕಂಬಳಿಯ ಜಾಗ ಹಿಡಿದವು. ದಖ್ಖನ್ ಪ್ರಸ್ಥಭೂಮಿಯ ಹಲವು ಕಡೆ ಕತ್ತರಿಸಿದ ತುಪ್ಪಟ ಕೊಳ್ಳುವವರಿಲ್ಲದೆ ತಿಪ್ಪೆ ಸೇರುತ್ತಿದೆ. ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ. ಕುರಿ ಮಾಂಸಕ್ಕಷ್ಟೇ ಉಳಿದ ಮೇಲೆ ಉಣ್ಣೆ ಕಡಿಮೆ ಇರುವ ತಳಿಯತ್ತ ಸಾಕುವವರ ಮನಸ್ಸು ವಾಲುವುದು ಸಹಜ. ಈ ಸಂಕಟವನ್ನು ಲೋಕದ ಕಣ್ಣಿಗೆ ತಂದದ್ದು ‘ದೇಸಿ ಊನ್’ ಎಂಬ ಕಿರುಚಿತ್ರ. ಸುರೇಶ್ ಎರಿಯಾಟ್ ನಿರ್ದೇಶಿಸಿದ ಈ ಚಿತ್ರದಲ್ಲಿ ದಖ್ಖನ್ನಿನ ದಖನಿ ತಳಿಯ ಕುರಿಯ ಕಥೆಯನ್ನು ದಖನಿ ಉಣ್ಣೆಯ ಬೊಂಬೆಗಳೇ ಹೇಳುತ್ತವೆ. 2025ರಲ್ಲಿ ಫ್ರಾನ್ಸಿನ ಆನಸಿ ಅನಿಮೇಷನ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು.

ದಖನಿ ಉಣ್ಣೆ ಒರಟು, ಅದರಲ್ಲಿ ಕೂದಲೂ ಬೆರೆತಿರುತ್ತದೆ. ಮೆರಿನೋ ಕುರಿಯ ನಯವಾದ ಉಣ್ಣೆಯಷ್ಟು ಬೇಗ ಅದು ಫೆಲ್ಟಾಗುವುದಿಲ್ಲ, ಹೆಚ್ಚು ಉಜ್ಜಬೇಕು. ಕೊರಳಿಗೆ ಸುತ್ತುವ ಶಾಲಿಗೆ ಈ ಒರಟುತನ ತೊಡಕು. ಮರಕ್ಕೆ ತೂಗುವ ಗಂಟೆಗೆ, ಗೋದಲಿಯಲ್ಲಿ ನಿಲ್ಲುವ ಕುರಿಗೆ ಅದೇ ಅನುಕೂಲ. ಎಳೆ ಗಡುಸಾದಷ್ಟೂ ಗೊಂಬೆ ಸೆಟೆದು ನಿಲ್ಲುತ್ತದೆ. ಕರಿಗುರಿಗೆ ಬಣ್ಣವೇ ಬೇಡ.

ಕೆಂಪು ಬೇಕೆಂದರೆ ತರೀಕೆರೆಯ ಅಡಿಕೆ ತೋಟದ ಕಡೆ ನೋಡಬಹುದು. ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ಒಳ್ಳೆಯ ಬಣ್ಣ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ‘ಚರಕ’ ಮಹಿಳಾ ಸಹಕಾರ ಸಂಘ ಕೈಮಗ್ಗದ ಹತ್ತಿ ಬಟ್ಟೆಗೆ ಈ ಚೊಗರನ್ನೇ ಬಳಸಿ ಹೆಸರು ಮಾಡಿದೆ. ಚೊಗರಿನ ಬಣ್ಣ ಉಣ್ಣೆಗೂ ಹಿಡಿಯುತ್ತದೆ. ಅಂಗಡಿಯ ಕಣ್ಣು ಕುಕ್ಕುವ ಕೆಂಪು ಅದಲ್ಲ. ಮಣ್ಣು ಬೆರೆತ ಕೆಂಗಂದು. ಅಂಚಿನ ಹೊಲಿಗೆಗೆ ಲಂಬಾಣಿ ತಾಂಡಾಗಳ ಹೆಂಗಸರ ಕೈಚಳಕವಿದೆ. ಆ ಹೊಲಿಗೆಗೆ ಎಷ್ಟು ದೂರ ಹೋಗುವ ಶಕ್ತಿಯಿದೆ ಎಂಬುದನ್ನು ಸಂಡೂರು ಕುಶಲ ಕಲಾ ಕೇಂದ್ರ ತೋರಿಸಿಕೊಟ್ಟಿದೆ: 2023ರ ಜುಲೈನಲ್ಲಿ, ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಕೂಡಿ ಮಾಡಿದ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಕೈಕೆಲಸ ಒಬ್ಬರಿಂದ ಒಬ್ಬರಿಗೆ ದಾಟಿ ಏನಾಗಬಲ್ಲದು ಎಂಬುದಕ್ಕೆ ಜರ್ಮನಿಯ ಗೀಂಗೆನ್ ಊರಿನ ಮಾರ್ಗರೆಟೆ ಸ್ಟೈಫ್ ಅವರ ನಿದರ್ಶನವಿದೆ. ಬಾಲ್ಯದ ಪೋಲಿಯೋದಿಂದ ಗಾಲಿಕುರ್ಚಿ ಹಿಡಿದ ಆಕೆ ಹೊಲಿಗೆ ಕಲಿತರು. 1879ರ ಡಿಸೆಂಬರಿನ ಒಂದು ಪತ್ರಿಕೆಯಲ್ಲಿ ಪುಟ್ಟ ಆನೆಯ ನಮೂನೆ ಕಂಡು, ಫೆಲ್ಟಿನಲ್ಲಿ ಅದನ್ನು ಹೊಲಿದು ಸೂಜಿ ಚುಚ್ಚಿಡಲೆಂದು ನೆಂಟರಿಷ್ಟರಿಗೆ ಹಂಚಿದರು. ಮಕ್ಕಳು ಅದನ್ನು ಆಟಿಕೆ ಮಾಡಿಕೊಂಡರು. ಜಗತ್ತಿಗೆಲ್ಲ ಗೊತ್ತಿರುವ ಸ್ಟೈಫ್ ಗೊಂಬೆ ಕಂಪನಿ ಹುಟ್ಟಿದ್ದು ಆ ಆನೆಯಿಂದ. ಮೊದಲು ಹಂಚಿದ್ದು, ಆನೆಯ ಮಾರಾಟ ಶುರುವಾದದ್ದು ಆಮೇಲೆ.

ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ತಾಲ್ಲೂಕಿನ ಈ ಸೀಮೆಯಲ್ಲಿ ಅಂಥ ಹಂಚಿಕೆಗೆ ಬೇಕಾದವರೆಲ್ಲ ಕೈಗೆಟುಕುವ ದೂರದಲ್ಲಿದ್ದಾರೆ. ಬೀರೂರು ಜಂಕ್ಷನ್ನಿನಿಂದ ಒಂದು ರೈಲು ದಾರಿ ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ ಕವಲೊಡೆಯುತ್ತದೆ. ಬೀರೂರಿನ ಹಿಂದಿನ ನಿಲ್ದಾಣವೇ ಕಡೂರು. ಒಂದು ಭಾನುವಾರ ಚರ್ಚಿನ ಅಂಗಳದಲ್ಲೋ ಶಾಲೆಯ ಜಗಲಿಯಲ್ಲೋ ಚಾಪೆ ಹಾಸಿ ಕೂತರೆ ಸಾಕು. ತುಪ್ಪಟ ಹಿಂಜುವುದನ್ನು ಕುರುಬರ ಅಜ್ಜಿ ತೋರಿಸಲಿ. ಹೊಲಿಗೆಯಲ್ಲಿ ಕನ್ನಡಿ ಚೂರು ಕೂರಿಸುವುದನ್ನು ತಾಂಡಾದ ಅಕ್ಕ ಹೇಳಿಕೊಡಲಿ. ನಕ್ಷತ್ರದ ಅಳತೆ, ಗೋದಲಿಯ ಅಚ್ಚುಕಟ್ಟು ಕ್ರೈಸ್ತರ ಮನೆಯ ಹೆಣ್ಣುಮಕ್ಕಳಿಗೆ ಗೊತ್ತು. ಅಲ್ಲಿ ಗುರು ಒಬ್ಬರೇ ಆಗಿರುವುದಿಲ್ಲ, ಒಂದನ್ನು ಕಲಿಸಿದವರು ಇನ್ನೊಂದನ್ನು ಕಲಿಯುತ್ತಾರೆ. ಮಕ್ಕಳಿಗೆ ಮೊದಲು ಉಂಡೆ: ಚಿಟಿಕೆ ಉಣ್ಣೆ, ಬೆಚ್ಚಗಿನ ಸೋಪುನೀರು. ರಾಗಿಮುದ್ದೆ ಕಟ್ಟಿ ಪಳಗಿದ ಮನೆಯ ಕೈಗಳಿಗೆ ಆ ಉರುಳಿಸುವ ಲಯ ಹೊಸದಲ್ಲ. ಮೊದಮೊದಲು ಮೆಲ್ಲಗೆ, ಮೇಲುಪದರ ಹಿಡಿದ ಮೇಲೆ ಬಿಗಿಯಾಗಿ. ಮೊದಲೇ ಅದುಮಿದರೆ ಉಂಡೆ ಬಿರುಕು ಬಿಡುತ್ತದೆ.

ಲೆಕ್ಕವೂ ಕಷ್ಟದ್ದಲ್ಲ. ಒಂದು ಅಲಂಕಾರಕ್ಕೆ ಹತ್ತು ಗ್ರಾಂ ಉಣ್ಣೆ ಎಂದಿಟ್ಟುಕೊಂಡರೆ, ತೊಳೆದು ಹಿಂಜಿದ ಒಂದು ಕಿಲೋದಲ್ಲಿ ನೂರು ಆಗುತ್ತವೆ. ಜಾತ್ರೆಯಲ್ಲೋ ಚರ್ಚಿನ ಹಬ್ಬದ ಮಾರಾಟದಲ್ಲೋ ಅವಕ್ಕೆ ಬೆಲೆ ಚೀಟಿ ಕಟ್ಟುವಾಗ ಹೊಲಿದವರ ಕೂಲಿಯ ಜೊತೆ ತುಪ್ಪಟದ ಬೆಲೆಯನ್ನೂ ಸೇರಿಸಿ ಕುರಿಯವನಿಗೆ ಮುಟ್ಟಿಸಬೇಕು. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ; ಕುರಿಯವನ ಪಾಲನ್ನು ನೆನೆಯಲು ಅದೂ ಒಂದು ನೆಪ. ಗದ್ದೆಗೆ ಮಂದೆ ಬಂದಾಗ ಯಾರಾದರೂ ಹೋಗಿ, ಈ ಸಲದ ತುಪ್ಪಟ ತಿಪ್ಪೆಗೆ ಹಾಕಬೇಡಿ, ಎರಡು ಚೀಲ ನಮಗಿರಲಿ ಎಂದು ಮುಂಗಡ ಕೊಟ್ಟು ಬಂದರೆ, ಕೆಲಸ ಅಲ್ಲಿಂದಲೇ ಶುರು.