ಭುವಿ ಹೋದ, ಶಮಿ ಬಂದ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನೆದುರು ಒಂದು ಇರಾನಿ ಚಾಯ್ ಅಂಗಡಿ ಇದೆ. ಭಾನುವಾರ ಬೆಳಗ್ಗೆ ಅಲ್ಲಿ ಕನ್ನಡ ಕೇಳಿಸಿದರೆ ಅದು ನಾನು ಮತ್ತು ಕಾಕಾ ಎಂದೇ ಲೆಕ್ಕ. ಕಾಕಾ ಕಲಬುರಗಿಯವರು, ಬ್ಯಾಂಕಿನಿಂದ ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ನಾನು ತುಮಕೂರಿನ ಕಡೆಯವನು, ಹೈದರಾಬಾದಿಗೆ ಬಂದು ಹನ್ನೊಂದು ವರ್ಷ. ಅವರದು ಸನ್‌ರೈಸರ್ಸ್, ನನ್ನದು ಆರ್‌ಸಿಬಿ. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್, 2016ರ ಫೈನಲ್‌ನಲ್ಲಿ ಸನ್‌ರೈಸರ್ಸ್, ಎರಡು ಸಲವೂ ನಮ್ಮನ್ನು ಸೋಲಿಸಿದ್ದು ಈ ಊರಿನ ತಂಡವೇ. ಇಲ್ಲಿದ್ದುಕೊಂಡು ಆರ್‌ಸಿಬಿ ಅಭಿಮಾನಿ ಎಂದು ಹೇಳಿಕೊಳ್ಳಲು ಸ್ವಲ್ಪ ಭಂಡತನ ಬೇಕು.

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ಐಪಿಎಲ್ ಹರಾಜು ನಡೆಯಿತಲ್ಲ, ನಮ್ಮ ಜಗಳ ಶುರುವಾದದ್ದು ಅಲ್ಲಿಂದ. ಹನ್ನೊಂದು ಸೀಸನ್ ಆಡಿದ್ದ ಭುವನೇಶ್ವರ್ ಕುಮಾರ್‌ನನ್ನು ಸನ್‌ರೈಸರ್ಸ್ ಕೈಬಿಟ್ಟಿತ್ತು. ಅವನನ್ನು ಆರ್‌ಸಿಬಿ 10.75 ಕೋಟಿಗೆ ಕೊಂಡಿತು. ಸನ್‌ರೈಸರ್ಸ್ 10 ಕೋಟಿ ಕೊಟ್ಟು ಮೊಹಮ್ಮದ್ ಶಮಿಯನ್ನು ತಂದಿತು. ಇಬ್ಬರೂ ಉತ್ತರ ಪ್ರದೇಶದ ಕಡೆಯವರು, ಇಬ್ಬರೂ 1990ರಲ್ಲಿ ಹುಟ್ಟಿದವರು. ಹೊಸ ಚೆಂಡನ್ನು ಇಬ್ಬರೂ ತಿರುಗಿಸುತ್ತಾರೆ. ಮೂವತ್ತನಾಲ್ಕರ ವೇಗದ ಬೌಲರ್ ಹೊಸ ತಂಡಕ್ಕೆ ಲಾಭವೋ ಹೊರೆಯೋ ಎಂದು ಪರೀಕ್ಷಿಸಲು ಯಾರೋ ಬೇಕೆಂದೇ ಜೋಡಿಸಿಟ್ಟ ಹಾಗಿತ್ತು.

"ಕಾಲು ಆಪರೇಷನ್ ಆದವನ್ನ ತಂದು, ಮನಿಮಗನ್ನ ಹೊರಗ ಹಾಕ್ಯಾರ ನೋಡು" ಎಂದರು ಕಾಕಾ.

ನಾನು ಒಪ್ಪಲಿಲ್ಲ. ನನ್ನ ಬಳಿ ಅಂಕಿಅಂಶ ಇತ್ತು. 2023ರ ಏಕದಿನ ವಿಶ್ವಕಪ್‌ನಲ್ಲಿ ಶಮಿ ಏಳೇ ಪಂದ್ಯಗಳಲ್ಲಿ 24 ವಿಕೆಟ್ ತೆಗೆದಿದ್ದ. ಅದೇ ವರ್ಷ ಐಪಿಎಲ್‌ನಲ್ಲಿ 28 ವಿಕೆಟ್, ಪರ್ಪಲ್ ಕ್ಯಾಪ್. ಭುವಿಗೂ ಪರ್ಪಲ್ ಕ್ಯಾಪ್ ಬಂದಿತ್ತು, ಅದೂ ಎರಡು ಸಲ, ಆದರೆ ಅದು 2016 ಮತ್ತು 2017ರ ಕಥೆ. 2024ರಲ್ಲಿ ಅವನಿಗೆ ಸಿಕ್ಕಿದ್ದು ಹದಿನಾರು ಪಂದ್ಯಗಳಲ್ಲಿ 11 ವಿಕೆಟ್. "ನಿಮ್ಮವರು ಚಲೋ ವ್ಯಾಪಾರ ಮಾಡಿದ್ದಾರೆ ಕಾಕಾ, ನಮಗೆ ಹಳೇ ಗಾಡಿ ದಾಟಿಸಿದ್ದಾರೆ" ಎಂದೆ. ಅದೇ ವರ್ಷ ಉಪ್ಪಲ್‌ನಲ್ಲಿ ರಾಜಸ್ಥಾನದ ವಿರುದ್ಧ ಕೊನೆಯ ಎಸೆತದಲ್ಲಿ ಎರಡು ರನ್ ಬೇಕಿದ್ದಾಗ ಪೊವೆಲ್‌ನನ್ನು ಎಲ್‌ಬಿಡಬ್ಲ್ಯು ಮಾಡಿ ಒಂದು ರನ್ನಿನಿಂದ ಗೆಲ್ಲಿಸಿದ್ದು ಇದೇ ಭುವಿ ಎಂದು ಕಾಕಾ ನೆನಪಿಸಿದರು. ಅದು ನನ್ನ ಎಕ್ಸೆಲ್ ಶೀಟಿನಲ್ಲಿ ಇರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಹರಾಜಿನ ಅದೇ ವಾರ ಆಫೀಸಿನಲ್ಲಿ ನಾನು ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿದ್ದೆ. ಬಂದವರಿಗೆ ನಲವತ್ತೇಳು. ಬ್ಯಾಂಕಿಂಗ್ ಸಿಸ್ಟಮ್‌ಗಳಲ್ಲಿ ಇಪ್ಪತ್ತು ವರ್ಷ ಪಳಗಿದ ಕೈ. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ನಾನು ಕೇಳಬೇಕಿದ್ದ ಎರಡು ಪ್ರಶ್ನೆಗಳನ್ನು ಅವರೇ ಎತ್ತಿದರು. ಫೀಡ್‌ಬ್ಯಾಕ್‌ನಲ್ಲಿ ನಾನು ಬರೆದದ್ದು: ಅನುಭವ ಚೆನ್ನಾಗಿದೆ, ಆದರೆ ನಮ್ಮ ತಂಡದ ವೇಗಕ್ಕೆ ಹೊಂದಿಕೊಳ್ಳುವುದು ಅನುಮಾನ. ಆ ಅನುಮಾನಕ್ಕೆ ಅವರ ವಯಸ್ಸು ಬಿಟ್ಟರೆ ಬೇರೆ ಆಧಾರವೇನೂ ಇರಲಿಲ್ಲ.

2025ರ ಏಪ್ರಿಲ್ 12, ಶನಿವಾರ. ಕಾಕಾ ಮತ್ತು ನಾನು ರಾಯದುರ್ಗಂನಲ್ಲಿ ಮೆಟ್ರೋ ಹತ್ತಿ, ಸ್ಟೇಡಿಯಂ ನಿಲ್ದಾಣದಲ್ಲಿಳಿದು ಉಪ್ಪಲ್‌ಗೆ ಪಂಜಾಬ್ ಪಂದ್ಯ ನೋಡಲು ಹೋದೆವು. ಶಮಿಯ ಕೊನೆಯ ಓವರಿನಲ್ಲಿ ಸ್ಟಾಯ್ನಿಸ್ ಸಾಲಾಗಿ ನಾಲ್ಕು ಸಿಕ್ಸರ್ ಹೊಡೆದ. ನಾಲ್ಕು ಓವರ್, 75 ರನ್, ವಿಕೆಟ್ ಸೊನ್ನೆ. ಐಪಿಎಲ್‌ನಲ್ಲಿ ಭಾರತದ ಯಾವ ಬೌಲರ್ ಕೂಡ ಅಲ್ಲಿಯವರೆಗೆ ಒಂದೇ ಪಂದ್ಯದಲ್ಲಿ ಅಷ್ಟು ರನ್ ಕೊಟ್ಟಿರಲಿಲ್ಲ. ಆಮೇಲೆ ಅಭಿಷೇಕ್ ಶರ್ಮಾ 141 ಹೊಡೆದು 246ರ ಗುರಿಯನ್ನು ಮುಟ್ಟಿಸಿಬಿಟ್ಟ, ಸುತ್ತಲಿದ್ದ ಕಿತ್ತಳೆ ಅಂಗಿಯವರೆಲ್ಲ ಕುಣಿದರು. ಕಾಕಾ ಮಾತ್ರ ಬೌಂಡರಿ ಹತ್ತಿರ ನಿಂತಿದ್ದ ಶಮಿಯನ್ನೇ ನೋಡುತ್ತಿದ್ದದ್ದು ನೆನಪಿದೆ. ಗೆದ್ದಿದ್ದೀನಿ ಎಂದು ಅವರು ನನಗೆ ಒಂದು ಮಾತೂ ಆಡಲಿಲ್ಲ. "ಪಾಪ" ಎಂದರು ಅಷ್ಟೇ.

ಆ ಸೀಸನ್ ಶಮಿಗೆ ಒಂಬತ್ತು ಪಂದ್ಯ, ಆರು ವಿಕೆಟ್. ಭುವಿಗೆ 17. ಜೂನ್ 3ರಂದು ಅಹಮದಾಬಾದಿನ ಫೈನಲ್, ಎದುರಿಗೆ ಮತ್ತೆ ಪಂಜಾಬ್. ಹದಿನೇಳನೇ ಓವರಿಗೆ ಭುವಿ ಬಂದ. ಮೊದಲು ವಧೇರಾ ಹೋದ. ಬಂದವನು ಅದೇ ಸ್ಟಾಯ್ನಿಸ್, ಮೊದಲ ಎಸೆತವನ್ನೇ ಸಿಕ್ಸರ್‌ಗೆ ಎತ್ತಿದ. ನನಗೆ ಉಪ್ಪಲ್ ನೆನಪಾಗಿ ಟಿವಿ ಆರಿಸೋಣ ಎನಿಸಿತು. ಎರಡನೇ ಎಸೆತಕ್ಕೆ ಕ್ಯಾಚ್ ಕೊಟ್ಟ. ಆರು ರನ್ನುಗಳಿಂದ ಗೆದ್ದೆವು. 2009ರಲ್ಲಿ ನಾವು ಸೋತದ್ದೂ ಅಷ್ಟೇ ಅಂತರದಲ್ಲಿ. ರಾತ್ರಿ ಹನ್ನೆರಡಕ್ಕೆ ಕಾಕಾ ಬಾಗಿಲು ಬಡಿದು, ಕೈಯಲ್ಲಿ ಮೈಸೂರು ಪಾಕ್ ಡಬ್ಬಿ ಹಿಡಿದು, "ನಿಮ್ದಲ್ಲ, ನಮ್ಮ ಹುಡುಗ ಗೆಲ್ಸ್ಯಾನ" ಎಂದರು. ಮರುದಿನ ಚಿನ್ನಸ್ವಾಮಿ ಬಳಿಯ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತ ಸುದ್ದಿ ಬಂತು. ಆ ಡಬ್ಬಿ ಮುಚ್ಚಿಯೇ ಇತ್ತು.

ನನ್ನ ತಪ್ಪು ಎಲ್ಲಿ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ವಯಸ್ಸು ಇಬ್ಬರದೂ ಒಂದೇ ಆಗಿದ್ದರಿಂದ ಅದನ್ನು ಲೆಕ್ಕದಿಂದ ತೆಗೆದುಬಿಡಬಹುದು. ಆರ್‌ಸಿಬಿ ಭುವಿಯಿಂದ ಎಲ್ಲವನ್ನೂ ಕೇಳಲಿಲ್ಲ. ಹೇಜಲ್‌ವುಡ್ 22 ವಿಕೆಟ್ ತೆಗೆದ, ಕೃಣಾಲ್ ಮಧ್ಯದ ಓವರುಗಳನ್ನು ಹಿಡಿದಿಟ್ಟ. ಭುವಿಗೆ ಉಳಿದದ್ದು ಹೊಸ ಚೆಂಡು ಮತ್ತು ಕೊನೆಯ ಓವರುಗಳು, ಅಂದರೆ ಅವನು ಮೊದಲಿನಿಂದ ಮಾಡಿಕೊಂಡು ಬಂದದ್ದೇ. ಅವನ ಬೌಲಿಂಗ್ ಎಂದೂ ವೇಗವನ್ನು ನಂಬಿರಲಿಲ್ಲ, ಹಾಗಾಗಿ ವೇಗ ಕಡಿಮೆಯಾದರೂ ಕಳೆದುಕೊಂಡದ್ದು ಕಡಿಮೆ. ಶಮಿ ಪಾದದ ಶಸ್ತ್ರಚಿಕಿತ್ಸೆ ಮುಗಿಸಿ ಬಂದವನು, ಉಪ್ಪಲ್‌ನಂಥ ಬ್ಯಾಟಿಂಗ್ ಪಿಚ್, ಜೊತೆಗೆ ಹಳೆಯ ಶಮಿಯೇ ಬೇಕೆಂಬ ನಿರೀಕ್ಷೆ. ಚೆನ್ನೈನಲ್ಲಿ ಪಂದ್ಯದ ಮೊದಲ ಎಸೆತದಲ್ಲೇ ವಿಕೆಟ್ ತೆಗೆದಾಗ ಆ ಹಳೆಯ ಶಮಿ ಒಂದು ಕ್ಷಣ ಕಂಡಿದ್ದ. ಅದೃಷ್ಟವೂ ಇದೆ, ಇಲ್ಲ ಎನ್ನಲಾರೆ. ಸ್ಟಾಯ್ನಿಸ್ ಹೊಡೆದ ಎರಡನೇ ಚೆಂಡು ನಾಲ್ಕು ಗಜ ಆಚೆ ಬಿದ್ದಿದ್ದರೆ ಈ ಲೇಖನ ಬೇರೆಯೇ ಆಗಿರುತ್ತಿತ್ತು.

ಸೆಪ್ಟೆಂಬರಿನಲ್ಲಿ ನನ್ನ ಪ್ರಾಜೆಕ್ಟ್ ಮುಚ್ಚಿತು. ಹನ್ನೊಂದು ವರ್ಷದ ಕಂಪನಿ ಎರಡು ತಿಂಗಳ ಗಡುವು ಕೊಟ್ಟಿತು. ಮೂವತ್ತೆಂಟಕ್ಕೆ ಮತ್ತೆ ರೆಸ್ಯೂಮೆ ಬರೆಯಲು ಕೂತಾಗ ಮೊದಲು ಅಳಿಸಿದ್ದು ಡಿಗ್ರಿ ಮುಗಿಸಿದ ವರ್ಷವನ್ನು. ಮೂರನೇ ಇಂಟರ್‌ವ್ಯೂನಲ್ಲಿ ಒಬ್ಬ ಹುಡುಗ, ಇಪ್ಪತ್ತೊಂಬತ್ತಿರಬಹುದು, ಬಹಳ ಮರ್ಯಾದೆಯಿಂದ ಕೇಳಿದ: "ಸರ್, ನಮ್ಮ ಟೀಮ್ ತುಂಬಾ ಫಾಸ್ಟ್. ನಿಮಗೆ ಹೊಂದುತ್ತದೆಯೇ?" ನಾನು ಬರೆದಿದ್ದ ವಾಕ್ಯವೇ ನನ್ನ ಮುಂದೆ ಬಂದು ಕೂತಿತ್ತು. ನಿಮ್ಮ ತಂಡದಲ್ಲಿ ಈಗ ಯಾವ ಕೆಲಸ ಮಾಡುವವರಿಲ್ಲ ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, ರಾತ್ರಿ ಪ್ರೊಡಕ್ಷನ್ ಬಿದ್ದರೆ ಎಲ್ಲಿಂದ ನೋಡಬೇಕು ಎಂದು ಗೊತ್ತಿರುವವರು ಇಲ್ಲ ಎಂದ. ಅದರ ಬಗ್ಗೆಯೇ ನಲವತ್ತು ನಿಮಿಷ ಮಾತಾಡಿದೆವು. ಉತ್ತರ ಇನ್ನೂ ಬಂದಿಲ್ಲ.

ನವೆಂಬರಿನಲ್ಲಿ ಸನ್‌ರೈಸರ್ಸ್ ಶಮಿಯನ್ನು ಲಖನೌ ತಂಡಕ್ಕೆ ಕೊಟ್ಟಿತು, ಅದೇ 10 ಕೋಟಿಗೆ. ಭಾನುವಾರ ಕಾಕಾ ಉಸ್ಮಾನಿಯಾ ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತಾ, "ಏನಪಾ, ಈ ಸಲ ಏನಂತೀ? ಅಲ್ಲಿ ನಡೀತದೇನು?" ಎಂದರು. ನಡೆಯುತ್ತದೆ ಎಂದೆ. ಒಂದು ಸೀಸನ್ನಿನ ಚಹಾ ಪಣಕ್ಕಿಟ್ಟಿದ್ದೇವೆ.