ತಾವರೆಕೆರೆಯಿಂದ ಕೆಂಪು ಬಯಲಿಗೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬಿ.ಟಿ.ಎಂ. ಲೇಔಟಿಗೆ ಆ ಹೆಸರು ಹೇಗೆ ಬಂದಿತೆಂಬುದನ್ನು ಅಲ್ಲಿ ವಾಸಿಸುವವರಲ್ಲಿಯೇ ಅನೇಕರು ಅರಿಯರು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿ ಈ ಹೆಸರನ್ನು ಕಟ್ಟಿದ್ದಾರೆ. ಮಡಿವಾಳದ ಸೋಮೇಶ್ವರ ದೇವಾಲಯವು ಚೋಳರ ಕಾಲದಷ್ಟು ಹಳೆಯದು. ಅಲ್ಲಿಯ ಕೆರೆಗೆ ಇಂದಿಗೂ ಹೆಜ್ಜಾರ್ಲೆಗಳು ಬಂದಿಳಿಯುವುವು. ತಾವರೆಕೆರೆಯಲ್ಲಿ ಮಾತ್ರ ನನಗೆ ತಾವರೆಗಿಂತ ಟೈರುಗಳೇ ಹೆಚ್ಚಾಗಿ ಕಂಡವು. ಇದು ನನ್ನ ಕಣ್ಣಿನ ದೋಷವೂ ಆಗಿರಬಹುದು, ಏಕೆಂದರೆ ನಾನು ಅಲ್ಲಿಗೆ ಹೋದದ್ದೇ ಟೈರುಗಳನ್ನು ಹುಡುಕಿಕೊಂಡು.

ಮೈಸೂರಿನವನಾದ ನನಗೆ ಟೈರಿನ ಮಾತು ತೀರ ಹೊಸದಲ್ಲ. ವಿಕ್ರಾಂತ್ ಟೈರುಗಳ ಕಾರ್ಖಾನೆ ನಮ್ಮೂರಿನದು. 1997ರಲ್ಲಿ ಅದು ಜೆ.ಕೆ. ಟೈರಿನವರ ವಶವಾದರೂ ಹಳಬರ ಬಾಯಲ್ಲಿ ಇನ್ನೂ ವಿಕ್ರಾಂತವೇ. ಇಷ್ಟು ಮಾತ್ರದ ಬಲದ ಮೇಲೆ ನನ್ನ ತಂಗಿ ನನ್ನನ್ನು ಟೈರಿನ ಪಂಡಿತನೆಂದು ಭಾವಿಸಿ, ಒಂದು ಶನಿವಾರ ಬರಹೇಳಿದಳು. ರೈಲಿಳಿದು, ಹಸುರು ಮಾರ್ಗದ ಮೆಟ್ರೋ ಹಿಡಿದು, ಆರ್.ವಿ. ರಸ್ತೆಯ ನಿಲ್ದಾಣದಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಂಡೆನು. 2025ರ ಆಗಸ್ಟಿನಲ್ಲಿ ತೆರೆದ ಈ ಮಾರ್ಗದಿಂದ ಬಿ.ಟಿ.ಎಂ. ಲೇಔಟಿಗೆ ಹೋಗುವುದು ಸುಲಭವಾಗಿದೆ. ಕೆಳಗೆ ರಸ್ತೆ, ಅದರ ಮೇಲೊಂದು ಮೇಲುಸೇತುವೆ, ಅದರ ಮೇಲೆ ನಮ್ಮ ರೈಲು. ಕೆಳಗಣ ಎರಡು ಅಂತಸ್ತುಗಳಲ್ಲಿಯೂ ಮೋಟಾರುಗಳು ಇರುವೆಯ ಸಾಲಿನಂತೆ ನಿಂತಿದ್ದವು. ಓಟದ ಪಂದ್ಯವನ್ನು ಕುರಿತು ಆಲೋಚಿಸಲು ಇದಕ್ಕಿಂತ ವಿಚಿತ್ರವಾದ ಸ್ಥಳವಿರಲಾರದು!

ವಿಷಯವೇನೆಂದರೆ, ತಂಗಿಯ ಮಗನು ಆಟೋಕ್ರಾಸ್ ಪಂದ್ಯಕ್ಕೆ ಹೆಸರು ಕೊಟ್ಟಿದ್ದನು. ಇದು ಕುದುರೆಯ ಜೂಜಿನಂತೆ ಹತ್ತಾರು ಗಾಡಿಗಳು ಒಟ್ಟಿಗೆ ನುಗ್ಗುವ ಪಂದ್ಯವಲ್ಲ. ಬಯಲಿನಲ್ಲಿ ಗುರುತುಗಳನ್ನಿಟ್ಟು ಡೊಂಕುಡೊಂಕಾದ ದಾರಿಯೊಂದನ್ನು ಮಾಡುವರು, ಸಾಮಾನ್ಯವಾಗಿ ಒಬ್ಬೊಬ್ಬರಾಗಿ ಗಾಡಿ ಓಡಿಸಬೇಕು, ಹೋರಾಟವೆಲ್ಲ ಗಡಿಯಾರದೊಡನೆ. ಒಂದು ನಿಮಿಷ, ಹೆಚ್ಚೆಂದರೆ ಎರಡು, ಅಷ್ಟರಲ್ಲಿ ಮುಗಿದುಹೋಗುವುದು. ಅಮೆರಿಕದಲ್ಲಿ ಇದನ್ನು ಡಾಂಬರು ಹಾಕಿದ ಅಂಗಳಗಳಲ್ಲಿ ಆಡುವರು. ನಮ್ಮಲ್ಲಿ ಹೆಚ್ಚಾಗಿ ಮಣ್ಣಿನ ಮೇಲೆ. ಬೆಂಗಳೂರಿಗೆ ಈ ಹವ್ಯಾಸ ಹೊಸದಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರ ಕೆ–1000 ರ್‍ಯಾಲಿ ದಶಕಗಳಿಂದ ಹೆಸರಾದದ್ದು. ಅದಕ್ಕೂ ಹಿಂದೆ, ಮದರಾಸಿನ ಬಳಿಯ ಶೋಳವರಂನಲ್ಲಿ, ಯುದ್ಧಕಾಲದ ವಿಮಾನದ ಓಡುಪಟ್ಟಿಯ ಮೇಲೆ ಪಂದ್ಯಗಳು ನಡೆಯುತ್ತಿದ್ದ ಕಾಲದಲ್ಲಿ, ಮನೆಯ ಗಾಡಿಯಲ್ಲಿಯೇ ಅಲ್ಲಿಗೆ ಹೋಗಿ, ಅದರಲ್ಲಿಯೇ ಸ್ಪರ್ಧಿಸಿ, ಅದರಲ್ಲಿಯೇ ಮರಳುವವರಿದ್ದರು. ನಮ್ಮ ಹುಡುಗನ ಆಸೆಯೂ ಅದೇ ಜಾತಿಯದು. ಅವನ ವಾಹನವು 2009ನೆಯ ಇಸವಿಯ ಮಾರುತಿ 800.

“ಅಣ್ಣಾ, ಅತ್ತೆಯವರನ್ನು ತಿಂಗಳು ತಿಂಗಳೂ ಆಸ್ಪತ್ರೆಗೆ ಕರೆದೊಯ್ಯುವುದು ಇದೇ ಗಾಡಿಯಲ್ಲಿ. ಇವನು ಪಂದ್ಯದ ಟೈರು ಹಾಕಿಸಿ, ನಾಳೆ ಮಳೆಯಲ್ಲಿ ಎಲ್ಲಾದರೂ ಜಾರಿದರೆ ಯಾರಿಗೆ ಹೇಳಲಿ?” ಎಂದಳು ತಂಗಿ. ಅವಳ ಅಡುಗೆಮನೆಯ ಡಬ್ಬಿಯಲ್ಲಿ 12,000 ರೂಪಾಯಿಗಳಿದ್ದವು. ಅದನ್ನು ನನ್ನ ಕೈಯಲ್ಲಿಟ್ಟಳೇ ಹೊರತು ಮಗನ ಕೈಯಲ್ಲಿಡಲಿಲ್ಲ.

ತಾವರೆಕೆರೆಯ ರಸ್ತೆಯಲ್ಲಿ ಒಂದು ಚಿಕ್ಕ ಅಂಗಡಿ. ಮುಂದೆ ಪಂಕ್ಚರ್ ಹಾಕುವ ನೀರಿನ ತೊಟ್ಟಿ, ಒಳಗೆ ಚಾವಣಿಯವರೆಗೆ ಟೈರು. ಯಜಮಾನರು ವೃದ್ಧರು. ಹುಡುಗನು ಬೇಕಾದ ಟೈರಿನ ವರ್ಣನೆಯನ್ನು ಆರಂಭಿಸುತ್ತಿದ್ದಂತೆಯೇ ಅವರು ಏನೂ ಹೇಳದೆ ಹೊರಗೆ ಬಂದು, ನಮ್ಮ ಗಾಡಿಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಹಳೆಯ ಟೈರಿನ ಪಕ್ಕೆಯನ್ನು ಓದತೊಡಗಿದರು. ಟೈರಿನ ಮೇಲೆ ಇಷ್ಟೊಂದು ಬರೆದಿರುವುದೆಂದು ನಾನು ಅಂದಿನವರೆಗೆ ಗಮನಿಸಿರಲಿಲ್ಲ. 145/70 ಆರ್ 12 ಎಂದರೆ, ಟೈರಿನ ಅಗಲ 145 ಮಿಲಿಮೀಟರು. ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ಎಪ್ಪತ್ತು ಪಾಲು. ‘ಆರ್’ ಎಂಬುದು ರೇಡಿಯಲ್ ಕಟ್ಟಿನ ಗುರುತು. ಒಳಗಣ ಡಿಸ್ಕಿನ ಅಡ್ಡಳತೆ 12 ಅಂಗುಲ. ಅದರ ಮುಂದಿನ 69 ಎಂಬ ಅಂಕಿಗೆ ಒಂದೊಂದು ಟೈರೂ 325 ಕಿಲೋಗ್ರಾಂ ಭಾರ ಹೊರಬಲ್ಲದೆಂದೂ, ‘ಟಿ’ ಅಕ್ಷರಕ್ಕೆ ಗಂಟೆಗೆ 190 ಕಿಲೋಮೀಟರು ವೇಗವನ್ನು ತಾಳಬಲ್ಲದೆಂದೂ ಅರ್ಥ. ನಮ್ಮ 800ಕ್ಕೆ ಈ ಎರಡನೆಯ ಭರವಸೆಯ ಅವಶ್ಯಕತೆ ಎಂದಿಗೂ ಒದಗಲಾರದು.

ಆದರೆ ಯಜಮಾನರ ಬೆರಳು ನಿಂತದ್ದು ಬೇರೊಂದು ಕಡೆ. ಅಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ 1419 ಎಂದಿತ್ತು. “2019ನೆಯ ಇಸವಿಯ ಹದಿನಾಲ್ಕನೆಯ ವಾರದಲ್ಲಿ ಹುಟ್ಟಿದ್ದು, ಸ್ವಾಮಿ” ಎಂದರು. ಗಾಡಿ ಹೆಚ್ಚು ಓಡಾಡದಿದ್ದುದರಿಂದ ಟೈರಿನ ಬಟನು, ಎಂದರೆ ನೆಲಕ್ಕೆ ತಾಗುವ ಅಚ್ಚು, ಬೇಕಾದಷ್ಟು ಉಳಿದಿತ್ತು. ಅದನ್ನು ನೋಡಿಯೇ ತಂಗಿ ಇಷ್ಟು ದಿನ ನಿಶ್ಚಿಂತಳಾಗಿದ್ದಳು. ಯಜಮಾನರು ಹೆಬ್ಬೆರಳ ಉಗುರನ್ನು ರಬ್ಬರಿನೊಳಕ್ಕೆ ಒತ್ತಿದರು; ಗುರುತು ಮೂಡಲಿಲ್ಲ. ಅಂಗಡಿಯ ಹೊಸ ಟೈರಿಗೆ ಒತ್ತಿದರು. ಸಣ್ಣ ತಗ್ಗು ಬಿದ್ದು ಮೆಲ್ಲನೆ ಮೇಲೆದ್ದಿತು. ಹಳೆಯದರ ಪಕ್ಕೆಯಲ್ಲಿ ಕೂದಲೆಳೆಯಂತಹ ಬಿರುಕುಗಳೂ ಇದ್ದವು. ರಬ್ಬರು ನೆಲವನ್ನು ಹಿಡಿಯುವುದು ನೆಲದ ಸಣ್ಣ ಉಬ್ಬುತಗ್ಗುಗಳೊಳಗೆ ತಾನು ಮೆದುವಾಗಿ ಇಳಿಯುವುದರಿಂದ. ವಯಸ್ಸಾಗಿ ಗಡುಸಾದ ರಬ್ಬರಿಗೆ ಆ ಗುಣ ಹೋಗುವುದು. ಬಟನಿನ ಆಳ ಎಷ್ಟಿದ್ದರೂ ಆ ನಷ್ಟವನ್ನು ತುಂಬಲಾರದು. ಪಂದ್ಯದ ಟೈರನ್ನು ಹಾಕಿಸಿದರೆ ಅತ್ತೆಯವರಿಗೆ ಅಪಾಯವೆಂದು ಹೆದರಿದ್ದ ತಂಗಿ, ಆ ಅಪಾಯದ ಮೇಲೆಯೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳೆಂದು ನನಗೆ ಅಲ್ಲಿ ನಿಂತಾಗ ಹೊಳೆಯಿತು. ಮನೆಗೆ ಫೋನು ಮಾಡಿ ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಟೈರಿನ ಚರಿತ್ರೆಯೇ ಮನೆಯವರ ಮೇಲಣ ಮಮತೆಯಿಂದ ಮೊದಲಾದದ್ದೆಂದು ಇಲ್ಲಿ ಹೇಳಬಹುದು. 1888ರಲ್ಲಿ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ ಡನ್ಲಪ್ ಎಂಬವನು ಬೆಲ್‌ಫಾಸ್ಟಿನ ಪಶುವೈದ್ಯ. ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಕುಲುಕದಿರಲೆಂದು ಅವನು ಆ ಪ್ರಯೋಗಕ್ಕೆ ತೊಡಗಿದನು.

ಇನ್ನು ಹುಡುಗನ ಆಸೆಗಳು. ಮೊದಲನೆಯದು ಅಗಲವಾದ ಟೈರು. “ಅಗಲವಾದಷ್ಟೂ ಹಿಡಿತ ಹೆಚ್ಚಲ್ಲವೇ, ಮಾವ?” ಎಂದನು. ಡಾಂಬರಿನ ಮೇಲೆ ಅದು ಬಹುಮಟ್ಟಿಗೆ ನಿಜ. ಆದರೆ ಸಡಿಲ ಮಣ್ಣಿನ ಮೇಲೆ ಕಿರಿದಾದ ಟೈರು ಮೇಲಣ ಪುಡಿಯನ್ನು ಸೀಳಿ ಕೆಳಗಣ ಗಟ್ಟಿ ನೆಲವನ್ನು ಮುಟ್ಟುವುದು. ಅಗಲವಾದುದು ಆ ಪುಡಿಯ ಮೇಲೆ ತೇಲುವುದು. ಅದಲ್ಲದೆ ಡಿಸ್ಕಿನ ಅಗಲಕ್ಕೆ ಹೊಂದದ ಟೈರು ತಿರುವಿನಲ್ಲಿ ಪಕ್ಕಕ್ಕೆ ವಾಲುವುದು, ಸ್ಟಿಯರಿಂಗನ್ನು ಪೂರ್ಣ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜಲೂಬಹುದು. 796 ಸಿ.ಸಿ. ಎಂಜಿನ್ನಿಗೆ ದೊಡ್ಡ ಗಾಲಿಯೂ ಒಂದು ಹೊರೆಯೇ.

ಎರಡನೆಯ ಆಸೆ, ರ್‍ಯಾಲಿಯ ಗಾಡಿಗಳಿಗೆ ಹಾಕುವ, ದಪ್ಪ ದಪ್ಪ ಗಟ್ಟಿಗಳುಳ್ಳ ಮಣ್ಣಿನ ಟೈರು. ಮಣ್ಣಿನಲ್ಲಿ ಅದಕ್ಕೆ ಸಮನಿಲ್ಲ. ಆದರೆ ನೆನೆದ ಡಾಂಬರಿನ ಮೇಲೆ ಅದನ್ನು ನಂಬುವಂತಿಲ್ಲ. ಎರಡು ಜೊತೆ ಡಿಸ್ಕು ಟೈರುಗಳನ್ನು ಇಟ್ಟುಕೊಂಡು ಬಯಲಿನಲ್ಲಿ ಬದಲಾಯಿಸಬಲ್ಲವರಿಗೆ ಮಾತ್ರ ಅದು ತಕ್ಕದ್ದು. 12 ಅಂಗುಲದ ಅಳತೆಯಲ್ಲಿ ಆರಿಸಿಕೊಳ್ಳಲು ಬಗೆಗಳೂ ಈಗ ಕಡಿಮೆ. ಹಾಗೆಂದು ಡಾಂಬರಿನ ಪಂದ್ಯಗಳ ಅಚ್ಚಿಲ್ಲದ ನುಣುಪು ಟೈರೂ ನಮಗೆ ಒದಗದು. ಅದರ ರಬ್ಬರು ಕಾದಮೇಲೆಯೇ ಚೆನ್ನಾಗಿ ಹಿಡಿಯುವುದು, ಒಂದು ನಿಮಿಷದ ಓಟದಲ್ಲಿ ಅದು ಕಾಯುವುದೆಲ್ಲಿ?

ಮೂರನೆಯ ಆಸೆ ಮಿತವ್ಯಯದ್ದಾದ್ದರಿಂದ ನಾನು ಒಪ್ಪಿಬಿಡುವವನಿದ್ದೆನು. 800ರಲ್ಲಿ ಎಂಜಿನ್ನು ಮುಂದೆ. ಎಳೆಯುವುದೂ ತಿರುಗುವುದೂ ಮುಂಗಾಲಿಗಳೇ. ಬ್ರೇಕಿನ ಹೆಚ್ಚಿನ ಭಾರವೂ ಅವುಗಳ ಮೇಲೆಯೇ. ಆದುದರಿಂದ ಮುಂದಕ್ಕೆ ಎರಡು ಹೊಸವು ಸಾಕೆಂದನು. ಯಜಮಾನರು ಇದುವರೆಗೆ ನಗುತ್ತಿದ್ದವರು ಈಗ ನಗಲಿಲ್ಲ. “ಮುಂದಿನದು ಹಿಡಿದು ಹಿಂದಿನದು ಬಿಟ್ಟರೆ ಮಳೆಯಲ್ಲಿ ಗಾಡಿ ಬುಗುರಿಯಾಗುತ್ತದೆ. ಎರಡೇ ಕೊಳ್ಳುವುದಾದರೆ ಹಿಂದಕ್ಕೆ ಹಾಕಿಸಿ, ಇಲ್ಲವೇ ನಾಲ್ಕೂ ಕೊಳ್ಳಿ” ಎಂದರು.

ನಾಲ್ಕೂ ಕೊಂಡೆವು. ಅಳತೆ ಅದೇ 145/70 ಆರ್ 12. ಸಾಮಾನ್ಯ ರಸ್ತೆಯ ಟೈರು. ಇದ್ದವುಗಳಲ್ಲಿ ಅಂಚಿನ ಗಟ್ಟಿಗಳು ಬಿಡಿಬಿಡಿಯಾಗಿದ್ದವು, ಮತ್ತು ಹುಟ್ಟಿ ಕೆಲವೇ ತಿಂಗಳಾದವು. ಡಬ್ಬಿಯ ಹಣದಲ್ಲಿ ಅಲೈನ್‌ಮೆಂಟಿನ ಕೂಲಿಯೂ ಕಳೆದು ಅಲ್ಪಸ್ವಲ್ಪ ಉಳಿಯಿತು. ಹುಡುಗನ ಮುಖ ಬಾಡಿತ್ತು. ಪಂದ್ಯದ ಟೈರು ಕೊಳ್ಳಲು ಹೋಗಿ ಅಜ್ಜಿಯ ಟೈರು ಕೊಂಡು ಬಂದೆನೆಂದು ದಾರಿಯುದ್ದಕ್ಕೂ ಗೊಣಗಿದನು.

ಮಾರನೆಯ ದಿನ ಊರ ಹೊರಗಣ ಕೆಂಪು ಮಣ್ಣಿನ ಬಯಲಿಗೆ ಹೋದೆವು. ಹೆಲ್ಮೆಟ್, ಬೆಲ್ಟುಗಳನ್ನು ಪರೀಕ್ಷಿಸಿದರು. ಸ್ಟೆಪ್ನಿಯನ್ನೂ ಗಾಡಿಯೊಳಗಿನ ಬಿಡಿ ಸಾಮಾನುಗಳನ್ನೂ ಕೆಳಗಿಳಿಸಿದೆವು. (ಇರುಳಲ್ಲಿ ವರ್ತುಲ ರಸ್ತೆಯಲ್ಲಿ ಹುಚ್ಚು ಹಿಡಿದಂತೆ ಓಡಿಸುವ ಹುಡುಗರು ಒಮ್ಮೆ ಇಲ್ಲಿಗೆ ಬಂದು ನೋಡಬೇಕು.) ಮೊದಲ ಓಟದಲ್ಲಿ ನಮ್ಮವನು ಎರಡು ತಿರುವುಗಳಲ್ಲಿ ಹೊರಕ್ಕೆ ಜಾರಿ 68 ಸೆಕೆಂಡು ತೆಗೆದುಕೊಂಡನು. ಅಮೆರಿಕದವರು ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದು, ಅದು ಎಲ್ಲಿಯವರೆಗೆ ಉಜ್ಜಿಹೋಯಿತೆಂದು ನೋಡಿ ಗಾಳಿಯ ಪ್ರಮಾಣವನ್ನು ನಿಶ್ಚಯಿಸುವರೆಂದು ಓದಿದ್ದನಂತೆ. ಬಳಿದಿದ್ದನು. ನಮ್ಮ ಕೆಂಪು ಧೂಳು ಸುಣ್ಣವನ್ನೂ ರಹಸ್ಯವನ್ನೂ ಒಟ್ಟಿಗೆ ಮುಚ್ಚಿಹಾಕಿತು. ಕೊನೆಗೆ ಬೆರಳಿನಿಂದ ಒರಸಿ ನೋಡಿದಾಗ, ಮುಂದಿನ ಟೈರುಗಳ ಪಕ್ಕೆಯಲ್ಲಿ ತೀರ ಮೇಲಿನವರೆಗೆ ಉಜ್ಜಿದ ಗೀರುಗಳು ಕಂಡವು. ತಿರುವಿನಲ್ಲಿ ಟೈರು ಮಡಿಚಿಕೊಳ್ಳುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿ. ಮುಂದಿನ ಎರಡಕ್ಕೆ ನಾಲ್ಕು ಪೌಂಡು ಗಾಳಿ ಹೆಚ್ಚು ತುಂಬಿದನು. ಎರಡನೆಯ ಓಟ 64 ಸೆಕೆಂಡು, ಮೂರನೆಯದು 63. ಬಹುಮಾನ ದೂರವೇ ಉಳಿಯಿತು. ಆದರೆ ಮಣ್ಣಿನ ಟೈರು ಹಾಕಿದ್ದ ಅವನಂತಹ ಹೊಸಬನೊಬ್ಬನು ಇವನಿಗಿಂತ ಹಿಂದೆ ಬಿದ್ದನೆಂಬ ಸಮಾಚಾರವನ್ನು ನನಗೆ ನಾಲ್ಕು ಸಲ ಹೇಳಿದನು.

ಹೊರಡುವ ಮೊದಲು ಹೆಚ್ಚಿನ ಗಾಳಿಯನ್ನು ತೆಗೆದೆವು. ಹೊಸೂರು ರಸ್ತೆ ಸೇರುವಷ್ಟರಲ್ಲಿ ಮಳೆ ಹಿಡಿಯಿತು. ಸಿಲ್ಕ್ ಬೋರ್ಡಿನ ಕೂಡುದಾರಿಯ ಹತ್ತಿರ, ಮುಂದಿದ್ದ ಆಟೋ ಯಾವ ಸೂಚನೆಯೂ ಇಲ್ಲದೆ ನಿಂತಿತು. ಹುಡುಗನು ಬ್ರೇಕು ಒತ್ತಿದನು. ಗಾಡಿ ಅಲುಗದೆ, ಓರೆಯಾಗದೆ, ಆಟೋದ ಹಿಂದೆ ಒಂದು ಮೊಳ ಬಿಟ್ಟು ನಿಂತಿತು. ಅವನು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯವರೆಗೆ ಗೊಣಗಾಟವೂ ಇರಲಿಲ್ಲ.

ಬುಧವಾರ ಅಜ್ಜಿಯವರನ್ನು ಆಸ್ಪತ್ರೆಗೆ ಕರೆದೊಯ್ದರಂತೆ. ಅವರು ಇಳಿಯುವಾಗ ಸೆರಗಿಗೆ ಹತ್ತಿದ್ದ ಕೆಂಪು ಮಣ್ಣನ್ನು ಕೊಡವುತ್ತಾ, ಗಾಡಿ ಯಾವ ಊರಿಗೆ ಹೋಗಿತ್ತೆಂದು ಮೊಮ್ಮಗನನ್ನು ಕೇಳಿದರೆಂದು ತಂಗಿ ಫೋನಿನಲ್ಲಿ ತಿಳಿಸಿದಳು.